ತಂಗಡಿ ಹೂವಿನ ಹದ

ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ತೊಗಲಿನ ಬಾನಿ ಇಲ್ಲದೆ ಬಯಲುಸೀಮೆಯ ತೋಟ ನಡೆಯುತ್ತಿರಲಿಲ್ಲ. ದಿನವಿಡೀ ನೀರಿನಲ್ಲಿ ಮುಳುಗೇಳುವ ಆ ತೊಗಲು ಕೊಳೆಯದಂತೆ ಹದ ಮಾಡಲು ಬೇಕಾಗುತ್ತಿದ್ದದ್ದು ತಂಗಡಿ ಚಕ್ಕೆ. ಗಿಡದ ತೊಗಟೆ ಸುಲಿದು, ಒಣಗಿಸಿ, ಜಜ್ಜಿ, ತೊಟ್ಟಿಯ ನೀರಿಗೆ ಹಾಕಿ, ಅದರಲ್ಲಿ ಹಸಿ ಚರ್ಮ ನೆನೆಸುತ್ತಿದ್ದರು. ತೊಗಟೆಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಟ್ಯಾನಿನ್, ಅಂದರೆ ಚರ್ಮವನ್ನು ಹದಕ್ಕೆ ತರುವ ಒಗರು. ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯದಿಂದ ಲಂಡನ್ನಿಗೆ ಹಡಗೇರುತ್ತಿದ್ದ ಅರೆ ಹದದ ಚರ್ಮಕ್ಕೆ ಹೆಸರು ತಂದದ್ದೂ ಇದೇ ಚಕ್ಕೆ. ಆಮೇಲೆ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂತು, ತಂಗಡಿ ಕೆಲಸ ಕಳೆದುಕೊಂಡಿತು.

ಈಗ ಅದೇ ಗಿಡದ ಹೂವನ್ನು ಜನ ಟೀ ಮಾಡಿ ಕುಡಿಯುತ್ತಿದ್ದಾರೆ. ಕುಡಿದವರಲ್ಲಿ ಅರ್ಧ ಜನ ಎರಡನೇ ಸಲ ಮಾಡುವುದಿಲ್ಲ, ‘ಬಾಯೆಲ್ಲ ಒಗರು’ ಎಂದು ಬಿಡುತ್ತಾರೆ. ತಪ್ಪು ಹೂವಿನದಲ್ಲ. ತೊಗಲನ್ನು ಹದಕ್ಕೆ ತರುವ ಒಗರು ತೊಗಟೆಯಷ್ಟಲ್ಲದಿದ್ದರೂ ಹೂವಿನಲ್ಲೂ ಇದೆ. ಒಲೆಯ ಮೇಲಿಟ್ಟು ಹತ್ತು ನಿಮಿಷ ಕುದಿಸಿದರೆ ನಿಮ್ಮ ನಾಲಿಗೆಯೇ ತೊಟ್ಟಿಯಲ್ಲಿ ಬಿದ್ದ ತೊಗಲು. ಈ ಹೂವಿನ ಟೀಯಲ್ಲಿ ಕಲಿಯಬೇಕಾದದ್ದೆಲ್ಲ ಆ ಒಗರಿನಲ್ಲಿ ಎಷ್ಟನ್ನು ಬಟ್ಟಲಿಗೆ ಬಿಟ್ಟುಕೊಳ್ಳಬೇಕು ಎಂಬುದೊಂದೇ.

ಹೆಸರಿನ ವಿಚಾರ ಮೊದಲು ಮುಗಿಸೋಣ. ತಂಗಡಿ, ತಂಗಡೆ, ಆವರಿಕೆ, ಹೊನ್ನಾವರಿಕೆ ಎಲ್ಲ ಒಂದೇ. ಸಸ್ಯಶಾಸ್ತ್ರದವರ ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಎಂದಿರುತ್ತದೆ. ಸಂಸ್ಕೃತದಲ್ಲಿ ಆವರ್ತಕೀ, ತಮಿಳಿನಲ್ಲಿ ಆವಾರೈ, ತೆಲುಗಿನಲ್ಲಿ ತಂಗೇಡು, ಸಿಂಹಳದಲ್ಲಿ ರಣವರಾ. ತೆಲಂಗಾಣದ ಹೂವಿನ ಹಬ್ಬ ಬತುಕಮ್ಮದಲ್ಲಿ ಹೂವಿನ ಗೋಪುರ ಜೋಡಿಸುವಾಗ ತಂಗೇಡು ಇರಲೇಬೇಕು. 2014ರಲ್ಲಿ ರಾಜ್ಯವಾದ ತೆಲಂಗಾಣ ಇದನ್ನೇ ತನ್ನ ರಾಜ್ಯಪುಷ್ಪ ಮಾಡಿಕೊಂಡಿತು. ತಮಿಳುನಾಡಿನಲ್ಲಿ ಪೊಂಗಲ್ ಹಿಂದಿನ ದಿನ ಬೇವಿನ ಸೊಪ್ಪಿನ ಜೊತೆ ಮನೆಯ ಸೂರಿಗೆ ಸಿಕ್ಕಿಸುವ ಕಂತೆಯಲ್ಲಿ ಹಳದಿಯಾಗಿ ಕಾಣುವುದು ಇದೇ ಹೂವು. ನಮ್ಮಲ್ಲಿ ಇದಕ್ಕೆ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆಯ ಗೋಮಾಳ, ಕೆರೆ ಏರಿ, ರೈಲು ಹಳಿಯ ಪಕ್ಕ ತಾನಾಗಿ ಬೆಳೆದುಕೊಂಡಿದೆ. ದನ ಕುರಿ ಇದಕ್ಕೆ ಬಾಯಿ ಹಾಕುವುದು ಕಡಿಮೆ. ಮೇವೆಲ್ಲ ತೀರಿದ ಬೋಳು ಗೋಮಾಳದಲ್ಲೂ ಇದೊಂದು ಹಸಿರಾಗಿ ನಿಂತಿರುವುದು ಅದಕ್ಕೇ.

ಕೀಳುವ ಮುಂಚೆ ಗಿಡ ಇದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ಹಳದಿ ಹೂವಿನ ಗಿಡಗಳಿಗೆ ಬರವಿಲ್ಲ. ಹೂವನ್ನು ನೋಡಬೇಡಿ, ಎಲೆ ನೋಡಿ. ಹುಣಸೆ ಎಲೆಯ ಹಾಗೆ ಒಂದು ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿ ಎಲೆ, ಎಂಟರಿಂದ ಹನ್ನೆರಡು ಜೋಡಿ. ಆದರೆ ಹುಣಸೆಗಿಂತ ದಪ್ಪ ಎಲೆ. ಆ ಕಡ್ಡಿ ಕೊಂಬೆಗೆ ಕೂಡುವ ಜಾಗದಲ್ಲಿ ಎರಡು ಹಸಿರು ಕಿವಿಗಳಿರುತ್ತವೆ, ಎಲೆಯಷ್ಟೇ ಅಗಲ, ಮೂತ್ರಪಿಂಡದ ಆಕಾರ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು, ಹೆಸರು ಬಂದದ್ದೇ ಇದರಿಂದ. ಇನ್ನೂ ಒಂದು ಗುರುತಿದೆ: ಕಡ್ಡಿಯನ್ನು ಮೇಲ್ಮುಖವಾಗಿ ಹಿಡಿದು ಕಣ್ಣಿನ ಹತ್ತಿರ ತಂದರೆ ಪ್ರತಿ ಜೋಡಿ ಎಲೆಯ ನಡುವೆ ಸೂಜಿಮೊನೆಯಂಥ ಒಂದು ಪುಟ್ಟ ಗ್ರಂಥಿ ನೆಟ್ಟಗೆ ನಿಂತಿರುತ್ತದೆ. ಕಿವಿ ಮತ್ತು ಸೂಜಿ, ಎರಡೂ ಇದ್ದರೆ ತಂಗಡಿ.

ರಸ್ತೆ ಬದಿಗೆ ಸಾಲಾಗಿ ನೆಟ್ಟಿರುವ ದೊಡ್ಡ ಮರ ಸೀಮೆ ತಂಗಡಿ. ಹೆಸರಿನಲ್ಲಿ ತಂಗಡಿ ಇದೆ, ಎಲೆಯಲ್ಲಿ ಕಿವಿಯೂ ಇಲ್ಲ ಸೂಜಿಯೂ ಇಲ್ಲ. ಬಂಡೀಪುರ, ನಾಗರಹೊಳೆಯ ಕಾಡನ್ನು ನುಂಗುತ್ತಿರುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹಾಗೆಯೇ. ಹಿತ್ತಿಲ ಕಸದಲ್ಲಿ ಬೆಳೆಯುವ ತಗಚೆ ಮತ್ತು ಕೆಲವೆಡೆ ದೊಡ್ಡ ತಗಚೆ ಎನ್ನುವ ಇನ್ನೊಂದು ಗಿಡ ಇದೇ ಬಳಗದವು. ಈ ದೊಡ್ಡ ತಗಚೆಯ ಬೀಜ ತಿಂದು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಮಕ್ಕಳು ಸತ್ತಿದ್ದಾರೆ, ಅದನ್ನು ಮುಟ್ಟುವುದೇ ಬೇಡ. ಎಲ್ಲಕ್ಕಿಂತ ಅಪಾಯದ್ದು ಪೂಜೆಗೆ ಕೀಳುವ ಹಳದಿ ಕಣಗಿಲೆ. ಅದು ಹೃದಯಕ್ಕೇ ಹೊಡೆಯುವ ವಿಷ. ಗುರುತು ಕಷ್ಟವಲ್ಲ: ಒಂಟಿ ಉದ್ದನೆ ಎಲೆ, ಮುರಿದರೆ ಹಾಲು, ಹೂವು ಕೊಳವೆಯ ಹಾಗೆ. ತಂಗಡಿಯನ್ನು ಮುರಿದರೆ ಹಾಲು ಬರುವುದಿಲ್ಲ. ಫೋನಿನ ಗಿಡ ಗುರುತಿಸುವ ಆ್ಯಪ್ ಈ ಬಳಗದಲ್ಲಿ ಮುಗ್ಗರಿಸುವುದುಂಟು. ಅದರ ಮಾತು ಕೇಳಿ ಬಟ್ಟಲಿಗೆ ಹಾಕಬೇಡಿ.

ಹೂವನ್ನು ಒಮ್ಮೆ ಅಂಗೈಯಲ್ಲಿಟ್ಟು ಬಿಡಿಸಿ ನೋಡುವುದು ಒಳ್ಳೆಯದು, ಮುಂದೆ ಟೀ ಏಕೆ ಕೆಡುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಐದು ದಳ, ಅಂಚು ಸುಕ್ಕು ಸುಕ್ಕು, ಹಳದಿಯ ಮೇಲೆ ಕಿತ್ತಳೆ ಗೀರು. ಹತ್ತು ಕೇಸರ. ಮೇಲಿನ ಮೂರು ಪೊಳ್ಳು, ಕೆಳಗಿನವು ಉದ್ದ, ಕೊಕ್ಕಿನ ಹಾಗೆ ಬಾಗಿವೆ. ಅವುಗಳ ತುದಿಯಲ್ಲಿ ಸಣ್ಣ ತೂತು, ಪರಾಗ ಹೊರಬರುವುದು ಅಷ್ಟರಿಂದಲೇ. ಮಕರಂದ ಇಲ್ಲ. ಕರಿ ದುಂಬಿ ಬಂದು ಹೂವನ್ನು ಅಪ್ಪಿಕೊಂಡು ಗುಂಯ್ ಎಂದು ಮೈ ನಡುಗಿಸಿದಾಗ ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಪರಾಗ ಉದುರುತ್ತದೆ. ನಡುವೆ ಕುಡುಗೋಲಿನ ಹಾಗೆ ಬಾಗಿದ ಎಳೆ ಕಾಯಿ, ಕೆಳಗೆ ಗಟ್ಟಿ ತೊಟ್ಟು. ದಳದ ರುಚಿ ಸಪ್ಪೆ, ಕೊಂಚ ಹುಲ್ಲು ವಾಸನೆ. ತೊಟ್ಟನ್ನೂ ಎಳೆ ಕಾಯನ್ನೂ ಅಗಿದರೆ ತಕ್ಷಣ ಒಗರು, ಹಿಂದೆಯೇ ಕಹಿ. ಹೀಗಾಗಿ ಬಟ್ಟಲಿಗೆ ದಳ ಹೆಚ್ಚು, ಹಸಿರು ಭಾಗ ಕಡಿಮೆ. ಎಲೆ, ಕಾಯಿ ಬೀಳಲೇ ಕೂಡದು. ಸೆನ್ನಾ ಬಳಗದ ಎಲೆ ಕಾಯಿಗಳು ಹೊಟ್ಟೆ ಸಡಿಲಿಸುವಂಥವು, ‘ಟೀ ಕುಡಿದೆ, ಮೂರು ಸಲ ಓಡಿದೆ’ ಎನ್ನುವವರ ಪೊಟ್ಟಣ ಬಿಚ್ಚಿ ನೋಡಿದರೆ ಎಲೆಯ ಚೂರು ಸಿಗುತ್ತದೆ.

ಗಿಡ ವರ್ಷದ ಬಹುಕಾಲ ಅಲ್ಲೊಂದು ಇಲ್ಲೊಂದು ಹೂವು ಬಿಡುತ್ತದೆ, ಆದರೆ ಮಳೆ ಹಿಂದಾದ ಮೇಲೆ ಸುಗ್ಗಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕೀಳಬೇಕು. ಅಂದು ಅರಳಿದ ಹೂವು ಮಾತ್ರ. ಮೊಗ್ಗು ಬೇಡ, ಅದರಲ್ಲಿ ದಳಕ್ಕಿಂತ ಹಸಿರೇ ಹೆಚ್ಚು. ದಳ ಉದುರಲು ಶುರುವಾದದ್ದೂ ಬೇಡ, ಅದರ ಕಾಯಿ ಬಲಿತಿರುತ್ತದೆ. ಹೆದ್ದಾರಿ ಪಕ್ಕದ ಗಿಡ, ಟೊಮೆಟೊ ಹೊಲದ ಬದುವಿನ ಗಿಡ ಬಿಟ್ಟುಬಿಡಿ. ಧೂಳು ತೊಳೆದರೆ ಹೋಗಬಹುದು, ಔಷಧಿ ಹೊಡೆದದ್ದು ಹೋಗುವುದಿಲ್ಲ. ಬುಟ್ಟಿ ಅಥವಾ ಬಟ್ಟೆ ಚೀಲ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಒತ್ತಿ ತುಂಬಿದರೆ ಒಂದೇ ಗಂಟೆಯಲ್ಲಿ ಹೂವು ಬೆವರಿ, ಕಾವು ಏರಿ, ಅಂಚು ಕಂದಾಗುತ್ತದೆ. ಕಂದಾದ ಹೂವು ಒಣಗಿದ ಮೇಲೆ ಹಳದಿಗೆ ಮರಳುವುದಿಲ್ಲ. ಒಂದು ಗಿಡದಲ್ಲಿ ಮೂರನೇ ಒಂದು ಪಾಲಾದರೂ ದುಂಬಿಗೆ, ಬೀಜಕ್ಕೆ ಉಳಿಸಿ.

ಮನೆಗೆ ತಂದ ತಕ್ಷಣ ಹಳೆಯ ಪತ್ರಿಕೆಯ ಮೇಲೆ ಹರಡಿ ಅರ್ಧ ಗಂಟೆ ಬಿಟ್ಟರೆ ಇರುವೆಗಳು ತಾವೇ ಹೊರಡುತ್ತವೆ. ಹಸಿರು ಹುಳುವನ್ನು ಮಾತ್ರ ಕೈಯಲ್ಲೇ ಹುಡುಕಬೇಕು. ಬಿಳಿ-ಹಳದಿ ಚಿಟ್ಟೆಗಳು ಮೊಟ್ಟೆ ಇಡುವುದು ಇದೇ ಗಿಡದ ಮೇಲೆ, ಅವುಗಳ ಮರಿಹುಳು ಎಲೆಯದೇ ಬಣ್ಣ. ತೊಳೆಯಲೇಬೇಕೆಂದರೆ ಜರಡಿಯಲ್ಲಿಟ್ಟು ಒಂದು ಸಲ ನೀರು ಹಾಯಿಸಿ ಕೊಡವಿ, ನೆನೆಹಾಕಬೇಡಿ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ, ತೆಳುವಾದ ಬಟ್ಟೆಯ ಮೇಲೆ ಒಂದೇ ಪದರ. ಬಿಸಿಲಿನಲ್ಲಿಟ್ಟರೆ ಬೇಗ ಒಣಗುತ್ತದೆ ನಿಜ, ಬಣ್ಣ ಬಿಳಚಿ ಹುಲ್ಲಾಗುತ್ತದೆ. ಒಣ ಹವೆಯಲ್ಲಿ ಮೂರು ನಾಲ್ಕು ದಿನ ಸಾಕು. ದಳ ಎರಡನೇ ದಿನಕ್ಕೇ ಗರಿಗರಿ ಎನ್ನುತ್ತದೆ, ಎಲ್ಲರೂ ಮೋಸ ಹೋಗುವುದು ಇಲ್ಲೇ. ತೇವ ಅಡಗಿರುವುದು ತೊಟ್ಟಿನ ಬುಡದಲ್ಲಿ. ಒಂದು ತೊಟ್ಟನ್ನು ಉಗುರಿನಲ್ಲಿ ಬಗ್ಗಿಸಿ, ಬಾಗಿದರೆ ಇನ್ನೂ ಒಂದು ದಿನ, ಟಕ್ ಎಂದು ಮುರಿದರೆ ಆಯಿತು. ಬಾಗುವ ಹೂವನ್ನು ಡಬ್ಬಿಗೆ ತುಂಬಿದರೆ ಹದಿನೈದು ದಿನಕ್ಕೆ ಮುಗ್ಗಲು ವಾಸನೆ. ಬೂಷ್ಟು ಹಿಡಿದದ್ದನ್ನು ಮತ್ತೆ ಒಣಗಿಸಿ ಬಳಸುವ ಜಾಣತನ ಬೇಡ, ಗಿಡದ ಬುಡಕ್ಕೆ ಸುರಿಯಿರಿ. ಬೆಂಗಳೂರಿನ ಸೆಪ್ಟೆಂಬರ್ ಮೋಡದಲ್ಲಿ ಫ್ಯಾನಿನ ಕೆಳಗಿಡುವುದೇ ದಾರಿ. ಒಂದು ಕಿಲೋ ಹಸಿ ಹೂವು ಒಣಗಿದರೆ 200 ಗ್ರಾಂ ದಾಟುವುದು ಅಪರೂಪ. ಗಾಜಿನ ಸೀಸೆಯಲ್ಲಿ, ಕತ್ತಲಲ್ಲಿ ಇಟ್ಟರೆ ಆರು ತಿಂಗಳು ಬಣ್ಣ ಹಿಡಿದಿರುತ್ತದೆ. ಅಡುಗೆಮನೆಯ ಕಪಾಟಿನ ಚೆಂದಕ್ಕೆಂದು ಬೆಳಕಿಗಿಟ್ಟರೆ ಎರಡೇ ತಿಂಗಳು.

ಕೀಳಲು ಗಿಡವಿಲ್ಲದವರಿಗೆ ಗ್ರಂಧಿಗೆ ಅಂಗಡಿ ಇದೆ. ಇಡೀ ಹೂವನ್ನೇ ಕೊಳ್ಳಿ, ಪುಡಿ ಬೇಡ. ಪುಡಿಯಲ್ಲಿ ಎಲೆ, ಕಡ್ಡಿ, ಕಾಯಿ ಏನು ಸೇರಿದರೂ ಕಾಣುವುದಿಲ್ಲ. ಮುಖಕ್ಕೆ ಹಚ್ಚಲು, ಸೀಗೆಪುಡಿಗೆ ಬೆರೆಸಲು ಮಾರುವ ಪುಡಿಯನ್ನಂತೂ ಬಾಯಿಗೆ ತರಬೇಡಿ. ಒಂದು ಹಿಡಿ ತೆಗೆದು ಬಿಳಿ ಹಾಳೆಯ ಮೇಲೆ ಹರಡಿದರೆ ಬಹುಪಾಲು ಹಳದಿ ಕಾಣಬೇಕು. ಕಂದೇ ಹೆಚ್ಚಾಗಿದ್ದರೆ ಹಳೆಯದು, ಇಲ್ಲವೇ ರಾಶಿ ಹಾಕಿ ಒಣಗಿಸಿದ್ದು.

ಇನ್ನು ಒಲೆಯ ಕೆಲಸ. ಆಯುರ್ವೇದ ಗಿಡಮೂಲಿಕೆಯಿಂದ ಸಾರ ತೆಗೆಯಲು ಐದು ಬಗೆ ಹೇಳುತ್ತದೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ನಮ್ಮ ಮನೆಗಳಲ್ಲಿ ಉಳಿದುಕೊಂಡದ್ದು ಕ್ವಾಥ ಒಂದೇ, ಅಂದರೆ ಕುದಿಸಿ ಕುದಿಸಿ ನಾಲ್ಕನೇ ಒಂದಕ್ಕೆ ಇಳಿಸುವ ಕಷಾಯ. ಬೇರು, ತೊಗಟೆ, ಕಾಳುಮೆಣಸಿನಂಥ ಗಟ್ಟಿ ಸಾಮಾನಿಗೆ ಅದು ಸರಿ. ಹೂವಿಗೆ ಹೊಂದುವುದು ಫಾಂಟ, ಬಿಸಿನೀರು ಸುರಿದು ಮುಚ್ಚಿಟ್ಟು ಸೋಸುವುದು. ಶಾಸ್ತ್ರದ ಫಾಂಟದಲ್ಲಿ ಒಂದು ಪಾಲಿಗೆ ನಾಲ್ಕು ಪಾಲು ನೀರು. ಅದು ಔಷಧದ ಲೆಕ್ಕ, ಟೀಗೆ ಅಷ್ಟು ಗಟ್ಟಿ ಬೇಡವೇ ಬೇಡ.

ಒಂದು ಲೋಟಕ್ಕೆ, ಅಂದರೆ 200 ಮಿ.ಲೀ. ನೀರಿಗೆ, ಒಣ ಹೂವು ಒಂದು ಟೀ ಚಮಚ ತುಂಬ, ತೂಕದಲ್ಲಿ ಒಂದರಿಂದ ಒಂದೂವರೆ ಗ್ರಾಂ. ಹಸಿ ಹೂವಾದರೆ ಹತ್ತು ಹನ್ನೆರಡು, ತೊಟ್ಟು ಚಿವುಟಿ, ನಡುವಿನ ಎಳೆ ಕಾಯಿ ತೆಗೆದು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಕುದಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಆಮೇಲೆ ಹೂವಿನ ಮೇಲೆ ಸುರಿದು ತಟ್ಟೆ ಮುಚ್ಚಿ. ಮೊದಲ ನಿಮಿಷದಲ್ಲಿ ನೀರು ನಿಂಬೆಸಿಪ್ಪೆಯ ಬಣ್ಣ, ರುಚಿ ಏನೂ ಇಲ್ಲ. ಮೂರನೆಯದಕ್ಕೆ ಹೊಂಬಣ್ಣ, ಬೇಯಿಸಿದ ಹೆಸರುಕಾಳಿನ ನೀರಿನಂಥ ಘಮ. ನಾಲ್ಕರಿಂದ ಐದು ನಿಮಿಷದ ನಡುವೆ ನಾಲಿಗೆಯ ಅಂಚಿನಲ್ಲಿ ಒಗರು ಕಾಣಿಸಿಕೊಳ್ಳುತ್ತದೆ, ಎಳೆ ಅಡಿಕೆ ಜಗಿದ ಹಾಗೆ ತೆಳ್ಳಗೆ. ಅಲ್ಲಿಗೆ ಸೋಸಿ. ಎಂಟನೇ ನಿಮಿಷದಲ್ಲಿ ಬಣ್ಣ ಜೇನಿಗೆ ತಿರುಗಿ ಒಗರು ಗಂಟಲಿಗಿಳಿಯುತ್ತದೆ. ಒಲೆಯ ಮೇಲೆ ಕುದಿಸಿದರೆ ಆ ಸ್ಥಿತಿ ಮೂರೇ ನಿಮಿಷಕ್ಕೆ. ಲೋಟದ ತಳದಲ್ಲಿ ಹಳದಿ ಹುಡಿ ಕೂತರೆ ಗಾಬರಿ ಬೇಡ, ಪರಾಗ. ಪರಾಗಕ್ಕೆ ಅಲರ್ಜಿ ಇರುವವರು ಮಾತ್ರ ಬಟ್ಟೆಯಲ್ಲಿ ಸೋಸುವ ಗೋಜಿಗೂ ಹೋಗದೆ ಈ ಟೀಯನ್ನೇ ಬಿಡಬೇಕು.

ಪಾತ್ರೆ ಸ್ಟೀಲು, ಗಾಜು, ಮಣ್ಣು ಯಾವುದೂ ಆದೀತು, ಕಬ್ಬಿಣ ಮಾತ್ರ ಆಗದು. ಅನುಮಾನವಿದ್ದರೆ ಸೋಸಿದ ಟೀಯ ನಾಲ್ಕು ಹನಿಯನ್ನು ದೋಸೆ ಹಂಚಿನ ತುಕ್ಕಿರುವ ಅಂಚಿಗೆ ಬಿಟ್ಟು ನೋಡಿ. ನೋಡುತ್ತಿದ್ದ ಹಾಗೆ ಹೊಂಬಣ್ಣ ಬೂದಾಗಿ, ಕಪ್ಪಾಗಿ, ಮಸಿಯ ಹಾಗಾಗುತ್ತದೆ. ‘ಹಾಗೆ’ ಏನು, ಅದು ಮಸಿಯೇ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ, ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಹೊಟ್ಟೆಯಲ್ಲೂ ಅದು ಸುಮ್ಮನಿರುವುದಿಲ್ಲ. ಊಟದ ಜೊತೆ ಕುಡಿದರೆ ರಾಗಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ. ರಕ್ತ ಕಡಿಮೆ ಇದೆ ಎಂದು ಮಾತ್ರೆ ನುಂಗುತ್ತಿರುವವರಿಗೆ ಈ ಟೀ ಸಲ್ಲದು.

ನೀರಿನ ಕಥೆ ಬೇರೆ. ಇದೇ ಹೂವು, ಇದೇ ಅಳತೆ, ಒಂದು ಮನೆಯಲ್ಲಿ ಹೊನ್ನಿನ ಬಣ್ಣ, ಇನ್ನೊಂದರಲ್ಲಿ ಕೆಸರು. ಬೋರ್‌ವೆಲ್ಲಿನ ಗಡಸು ನೀರು ಕಾದ ಮೇಲೆ ಕ್ಷಾರಕ್ಕೆ ತಿರುಗುತ್ತದೆ, ಅದರಲ್ಲಿ ಹೂವಿನ ಬಣ್ಣ ಬೇಗ ಕಂದಾಗಿ ಮೇಲೆ ತೆಳು ಪೊರೆ ಕಟ್ಟುತ್ತದೆ. ಮಳೆನೀರು ಅಥವಾ ಫಿಲ್ಟರ್ ನೀರು ಒಳ್ಳೆಯದು. ಅದೂ ಇಲ್ಲವಾದರೆ ಸೋಸಿದ ಮೇಲೆ ಮೂರು ನಾಲ್ಕು ಹನಿ ನಿಂಬೆರಸ ಹಿಂಡಿ, ಬಣ್ಣ ಒಮ್ಮೆಲೇ ತಿಳಿಯಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆ ಬಾವಿಯಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ನಿಂಬೆಯಿಂದ ಬಣ್ಣ ತಿಳಿಯಾದರೂ ಫ್ಲೋರೈಡ್ ಹೋಗುವುದಿಲ್ಲ, ಕುದಿಸಿ ಇಂಗಿಸಿದರೆ ಇನ್ನೂ ಸಾಂದ್ರವಾಗುತ್ತದೆ.

ಬೇಸಿಗೆಗೆ ಹಿಮವೇ ಲೇಸು, ಅಂದರೆ ತಣ್ಣೀರಿನಲ್ಲಿ ನೆನೆಸುವ ಬಗೆ. ಅರ್ಧ ಲೀಟರ್ ತಣ್ಣೀರಿಗೆ ಎರಡು ಚಮಚ ಒಣ ಹೂವು, ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಸೋಸುವುದು. ತಣ್ಣೀರಿಗೆ ಒಗರು ಇಳಿಯುವುದು ನಿಧಾನ, ಆದ್ದರಿಂದ ರಾತ್ರಿಯಿಡೀ ನೆನೆದರೂ ಕುಡಿಯಲು ಹಿತ. ಮಣ್ಣಿನ ಕುಡಿಕೆಯಾದರೆ ಇನ್ನೂ ಚೆನ್ನ. ಆದರೆ ಬೆಳಿಗ್ಗೆಯೇ ಮುಗಿಸಿ, ಸಂಜೆಗೆ ಇಟ್ಟುಕೊಂಡರೆ ಹುಳಿ ವಾಸನೆ ಬರುತ್ತದೆ.

ಜೊತೆಗೆ ಏನು ಹಾಕಬೇಕು ಎಂದರೆ, ಮೊದಲ ಒಂದು ವಾರ ಏನೂ ಬೇಡ. ಹೂವಿನ ರುಚಿ ಗೊತ್ತಾದ ಮೇಲೆ ಒಂದು ಏಲಕ್ಕಿ, ಇಲ್ಲವೇ ಕಾಲು ಚಮಚ ಕೊತ್ತಂಬರಿ ಬೀಜ ಜಜ್ಜಿ ಹಾಕಬಹುದು. ಶುಂಠಿ, ಮೆಣಸು, ಲವಂಗ ಎಲ್ಲ ಸುರಿದರೆ ಅದು ನೆಗಡಿಯ ಕಷಾಯವಾಗುತ್ತದೆ, ಹೂವಿನ ಹೆಸರು ಹೇಳಿಕೊಳ್ಳುವ ಅಗತ್ಯವಿಲ್ಲ. ಟೀ ಪುಡಿ ಸೇರಿಸುವುದು ಒಗರಿನ ಮೇಲೆ ಒಗರು. ಹಾಲು ಹಾಕುವುದನ್ನು ಶುದ್ಧ ಅಪಚಾರ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಬಾಯಿಗೆ ಒಗರು ತಟ್ಟುವುದು ಕಡಿಮೆ. ತೊಟ್ಟಿಯಲ್ಲಿ ತೊಗಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹಾಲು ಮಾಡುತ್ತದೆ. ಎರಡು ಪಾಲು ಟೀಗೆ ಒಂದು ಪಾಲು ಕಾಯಿಸಿದ ಹಾಲು, ಲೋಟಕ್ಕೆ ಹಾಕಿದ ಮೇಲೆ. ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯುತ್ತದೆ, ಬೆಲ್ಲ ಕೊನೆಗೆ, ಒಲೆಯಿಂದ ಇಳಿಸಿದ ಮೇಲೆ. ಶ್ರೀಲಂಕಾದವರು ರಣವರಾ ಟೀಗೆ ಬೆಲ್ಲ ಕರಗಿಸುವ ಬದಲು ತುಂಡನ್ನು ಕಚ್ಚಿಕೊಂಡು ಗುಟುಕರಿಸುತ್ತಾರೆ. ಒಗರು, ಸಿಹಿ, ಒಗರು ಎಂದು ಸರದಿಯಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ.

ಸಕ್ಕರೆ ಕಾಯಿಲೆಗೆಂದು ಕುಡಿಯುವವರು ಬೆಲ್ಲದ ತುಂಡಿನ ಬಗ್ಗೆ ಯೋಚಿಸಬೇಕು, ಮತ್ತು ಯೋಚಿಸಬೇಕಾದದ್ದು ಅದೊಂದೇ ಅಲ್ಲ. ತಮಿಳುನಾಡಿನ ಸಿದ್ಧ ವೈದ್ಯದಲ್ಲಿ ತಂಗಡಿಯ ಹೂವು, ಎಲೆ, ತೊಗಟೆ, ಬೇರು, ಬೀಜಕ್ಕೆಲ್ಲ ದೊಡ್ಡ ಸ್ಥಾನವಿದೆ, ಮಧುಮೇಹಕ್ಕೆ ಇದನ್ನು ಸೇರಿಸಿದ ಕಷಾಯಗಳಿವೆ. ‘ಆವಾರೈ ಪೂತ್ತಿರುಕ್ಕ ಸಾವಾರೈ ಕಂಡದುಂಡೋ’ ಎನ್ನುವುದು ತಮಿಳಿನ ಗಾದೆ, ಆವರಿಕೆ ಹೂಬಿಟ್ಟಿರುವಾಗ ಸಾಯುವವರನ್ನು ಕಂಡದ್ದುಂಟೇ ಎಂದು. ಆವಾರೈ–ಸಾವಾರೈ ಪ್ರಾಸಕ್ಕೆ ಮನಸೋಲುವುದು ಸರಿ, ವೈದ್ಯರ ಚೀಟಿ ಎಂದು ಓದಿಕೊಳ್ಳುವುದು ತಪ್ಪು. ಹೂವಿನ ಸಾರ ಕೊಟ್ಟಾಗ ಮಧುಮೇಹದ ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಇಲಿಗೆ ಕೊಟ್ಟ ಸಾರ ಬೇರೆ, ಒಂದು ಚಮಚ ಹೂವಿನ ಟೀ ಬೇರೆ. ಮಾತ್ರೆ ಬಿಟ್ಟು ಇದನ್ನು ಹಿಡಿಯುವುದು ಹುಚ್ಚು. ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ದಿನಾ ಕುಡಿಯುವುದಾದರೆ ಸಕ್ಕರೆ ಅತಿಯಾಗಿ ಇಳಿಯುತ್ತಿಲ್ಲವೇ ಎಂದು ಮೀಟರಿನಲ್ಲಿ ನೋಡಿಕೊಂಡು, ವೈದ್ಯರಿಗೂ ತಿಳಿಸಿರಬೇಕು.

ಇನ್ನೆರಡು ವಿಷಯ ಹೂವಿನ ಟೀ ಮಾರುವವರು ಹೇಳುವುದಿಲ್ಲ. 2004ರಲ್ಲಿ ಪ್ರಕಟವಾದ ಶ್ರೀಲಂಕಾದ ಒಂದು ಅಧ್ಯಯನದಲ್ಲಿ ಈ ಟೀ ಕುಡಿಸಿದ ಇಲಿಗಳ ರಕ್ತದಲ್ಲಿ ಮೂರ್ಛೆರೋಗದ ಕಾರ್ಬಮಜೆಪೈನ್ ಔಷಧದ ಮಟ್ಟ ಏರಿದ್ದು ಕಂಡಿತು. ಆ ಮಾತ್ರೆ ತೆಗೆದುಕೊಳ್ಳುವವರು ಇದರಿಂದ ದೂರ ಇರಬೇಕು. ಅದಕ್ಕೂ ಮುಂಚೆ, 1981ರಲ್ಲಿ, ಅಲ್ಲಿನ ಔಷಧಿ ಗಿಡಗಳನ್ನು ಪರೀಕ್ಷಿಸಿದವರು ಯಕೃತ್ತಿಗೆ ಕೆಡುಕಾದ ಪೈರೊಲಿಜಿಡೀನ್ ಆಲ್ಕಲಾಯ್ಡುಗಳು ಇರುವ ಗಿಡಗಳ ಸಾಲಿಗೆ ಇದನ್ನೂ ಸೇರಿಸಿದ್ದರು. ಇಂಥವು ಒಂದು ಲೋಟದಲ್ಲಿ ಅಲ್ಲ, ವರ್ಷಗಟ್ಟಲೆಯ ರೂಢಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ವಾರದಲ್ಲಿ ಎರಡು ಮೂರು ಸಲ, ಹೂವಿನ ಕಾಲದಲ್ಲಿ, ಒಂದೊಂದು ಲೋಟ ಎಂಬುದು ನನ್ನ ಲೆಕ್ಕ. ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಬೇಡ.

ಸೋಸಿ ಉಳಿದ ಹೂವನ್ನು ಎರಡನೇ ಸಲ ನೆನೆಸುವವರಿದ್ದಾರೆ. ಬಣ್ಣ ಆಗಲೇ ಹೋಗಿರುತ್ತದೆ, ಎರಡನೇ ನೀರಿಗೆ ಬರುವುದು ಒಗರೊಂದೇ. ಅದು ಗೊಬ್ಬರದ ಗುಂಡಿಗೆ ಸರಿ. ತಂಗಡಿ ಸೊಪ್ಪನ್ನು ಗದ್ದೆಗೆ ತುಳಿಯುವ ರೂಢಿಯೂ ಇತ್ತಲ್ಲ.

ಬೇಲಿಗೊಂದು ಗಿಡ ಬೇಕೆಂದರೆ ಬೀಜವೇ ಸುಲಭ. ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ತೆಳ್ಳಗಾದ ಚಪ್ಪಟೆ ಕಾಯಿ ಕಿತ್ತು ಬಿಡಿಸಿದರೆ ಹನ್ನೆರಡರಿಂದ ಇಪ್ಪತ್ತು ಬೀಜ. ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ತಿಂಗಳಾದರೂ ಮಲಗಿರುತ್ತದೆ. ಮರಳು ಕಾಗದದ ಮೇಲೆ ಒಂದು ಬದಿ ಉಜ್ಜಿ, ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಉಬ್ಬಿದವನ್ನು ಮಾತ್ರ ಬಿತ್ತಿ. ತಾಯಿಬೇರು ಆಳಕ್ಕೆ ಇಳಿಯುವ ಗಿಡ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆದ್ದರಿಂದ ಮುಂಗಾರಿನ ಮೊದಲಿಗೆ ಇರಬೇಕಾದ ಜಾಗದಲ್ಲೇ ಬೀಜ ಹಾಕುವುದು ಮೇಲು. ಕುಂಡವಾದರೆ ಆಳದ್ದಿರಲಿ, ಕೆಂಪು ಮಣ್ಣು, ಕಾಲು ಪಾಲು ಮರಳು, ಗೊಬ್ಬರ ಒಂದು ಹಿಡಿ ಸಾಕು. ಗೊಬ್ಬರ ನೀರು ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂವು ಹಿಂದಾಗುತ್ತದೆ. ಮೊದಲ ವರ್ಷ ಹೂವಿನ ಆಸೆ ಬೇಡ. ಎರಡನೇ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗಿಡದ ಹತ್ತಿರ ಗುಂಯ್ ಎಂಬ ಸದ್ದು ಕೇಳಿದರೆ ಕರಿ ದುಂಬಿ ನಿಮಗಿಂತ ಮುಂಚೆ ಬಂದಿದೆ ಎಂದರ್ಥ. ಅದು ಎದ್ದುಹೋದ ಮೇಲೆ ಕೀಳಿ.